ಒಂದು ರಾತ್ರಿಯ ಕ್ಯಾಂಪಿಂಗ್, ಐದು ಜನ, ಚಿಕ್ಕ ಡಿಕ್ಕಿ: ಅಡುಗೆ ಸಾಮಾನು ಹೇಗೆ ಕಟ್ಟೋದು?

ಜಯನಗರ_ಡೇರೆ:
ಶನಿವಾರ ಕನಕಪುರದ ಆಚೆ ಪರಿಚಯದವರ ತೋಟದಲ್ಲಿ ಡೇರೆ ಹಾಕ್ತಿದ್ದೀವಿ. ನಾವಿಬ್ಬರು, ಅತ್ತೆ, ಇಬ್ಬರು ಮಕ್ಕಳು. ಮಧ್ಯಾಹ್ನದ ಬುತ್ತಿ ಮನೆಯಿಂದಲೇ. ಸಂಜೆ ಕಾಫಿ, ರಾತ್ರಿ ಊಟ, ಭಾನುವಾರದ ತಿಂಡಿ ಅಲ್ಲೇ ಆಗಬೇಕು. ಗ್ಯಾಸ್ ಕ್ಯಾನ್ ಹಾಕೋ ಒಂದು ಉರಿಯ ಪೋರ್ಟಬಲ್ ಸ್ಟೌ ಇದೆ. ಎಷ್ಟು ಪಾತ್ರೆ ಬೇಕು, ಎಷ್ಟು ಕ್ಯಾನ್ ಬೇಕು, ಎಣ್ಣೆ ಚೆಲ್ಲದ ಹಾಗೆ ಒಯ್ಯೋದು ಹೇಗೆ ಅಂತ ತಿಳಿಸಿ. 3 ಲೀಟರ್ ಕುಕ್ಕರ್ ಸಾಕಾಗುತ್ತಾ?

ಒಗ್ಗರಣೆಡಬ್ಬಿ:
3 ಲೀಟರ್ ಸಾಲದು ಮೇಡಂ. ಅಕ್ಕಿ, ಬೇಳೆ ಬೇಯಿಸುವಾಗ ಕುಕ್ಕರನ್ನ ಅರ್ಧಕ್ಕಿಂತ ಮೇಲೆ ತುಂಬಬಾರದು. ತುಂಬಿದರೆ ನೊರೆ ಉಕ್ಕಿ ವೆಯ್ಟ್ ಕೂರೋ ತೂತು ಕಟ್ಕೊಳ್ಳುತ್ತೆ. ಐದು ಜನರ ಬಿಸಿಬೇಳೆಬಾತಿಗೆ ಒಂದೂವರೆ ಲೋಟ ಅಕ್ಕಿ, ಮುಕ್ಕಾಲು ಲೋಟ ತೊಗರಿಬೇಳೆ, ಹತ್ತು ಲೋಟ ನೀರು ಅಂತಿಟ್ಟುಕೊಳ್ಳಿ (200 ಮಿಲಿ ಲೋಟ). ಅಷ್ಟಕ್ಕೆ 5 ಲೀಟರ್ ಕುಕ್ಕರೇ ಬೇಕು.

ಪಾತ್ರೆ ತಗೊಳ್ಳುವಾಗ ತಲೆ ಎಣಿಸಬೇಡಿ, ಅಡುಗೆ ಎಣಿಸಿ. ಉರಿ ಒಂದೇ ಇದ್ದಮೇಲೆ ಒಂದು ಸಲಕ್ಕೆ ಬೇಯೋದೂ ಒಂದೇ. ಕುಕ್ಕರ್, ಒಂದು ಬಾಣಲೆ, ಹಾಲು ಕಾಯಿಸೋಕೆ ಒಂದೂವರೆ ಲೀಟರಿನ ಪಾತ್ರೆ, ಇಷ್ಟೇ. ಕಾವಲಿ ಬಿಟ್ಟುಬಿಡಿ. ದೋಸೆ ಒಂದೊಂದಾಗಿ ಹುಯ್ಯುತ್ತಾ ಕೂತರೆ ಮೊದಲ ದೋಸೆ ತಿಂದವರಿಗೆ ಮತ್ತೆ ಹಸಿವಾಗಿರುತ್ತೆ, ಗ್ಯಾಸೂ ಮುಗಿದಿರುತ್ತೆ.

ಕುಕ್ಕರಿನೊಳಗೆ ಹಾಲಿನ ಪಾತ್ರೆ, ಅದರೊಳಗೆ ಲೋಟಗಳು, ಸಂದಿಗೆಲ್ಲ ಕೈ ಒರೆಸೋ ಬಟ್ಟೆ ತುರುಕಿ. ಬಟ್ಟೆ ಹೇಗೂ ಬೇಕು, ಸ್ಟೀಲ್ ಸದ್ದೂ ಮಾಡಲ್ಲ. ವೆಯ್ಟನ್ನ ಮಾತ್ರ ಬಿಡಿಯಾಗಿ ಹಾಕಬೇಡಿ, ದಾರ ಕಟ್ಟಿ ಕುಕ್ಕರ್ ಹಿಡಿಗೇ ಬಿಗಿಯಿರಿ. ಅದೊಂದು ಕಳೆದರೆ ಕುಕ್ಕರ್ ಬರೀ ಪಾತ್ರೆ, ಬೇಳೆ ಬೇಯೋಕೆ ಒಂದು ಕ್ಯಾನ್ ಪೂರ್ತಿ ಹೋಗುತ್ತೆ. ಗ್ಯಾಸ್ಕೆಟ್ ಮುಚ್ಚಳದಲ್ಲೇ ಇರಲಿ. ಸೌಟು, ಇಕ್ಕಳ, ಚಾಕು, ಲೈಟರ್, ಒಂದು ಬೆಂಕಿಪೊಟ್ಟಣ, ಎಲ್ಲವನ್ನೂ ಒಂದೇ ಬಟ್ಟೆಯಲ್ಲಿ ಸುರುಳಿ ಸುತ್ತಿ.

ನೀಲಿಉರಿ:
ಗ್ಯಾಸಿನ ವಿಷಯ ಸ್ವಲ್ಪ ನಿಧಾನವಾಗಿ ಓದಿ, ಅನಾಹುತ ಆಗೋದು ಇಲ್ಲೇ.

220 ಗ್ರಾಂ ಆಸುಪಾಸಿನ ಕ್ಯಾನ್ ಪೂರ್ತಿ ಉರಿಯಲ್ಲಿ ಸುಮಾರು ಒಂದೂಕಾಲು, ಒಂದೂವರೆ ಗಂಟೆ ಬರುತ್ತೆ. ನಿಮ್ಮ ಅಡುಗೆಗೆ ಎರಡು ಸಾಕು, ಗಾಳಿ ಇದ್ದರೆ ಹೆಚ್ಚು ಬೇಕಾಗೋದರಿಂದ ಮೂರು ಇಟ್ಟುಕೊಳ್ಳಿ.

ಇಂಥ ಎಷ್ಟೋ ಸ್ಟೌಗಳಲ್ಲಿ ಪಾತ್ರೆ ಕೂರೋ ತಟ್ಟೆಯನ್ನ ಪೆಟ್ಟಿಗೆಯಲ್ಲಿ ಹಿಡಿಸೋಕೆ ಮಗುಚಿ ಇಟ್ಟಿರ್ತಾರೆ. ಅದನ್ನ ಸರಿಯಾಗಿ ತಿರುಗಿಸಿ ಕೂರಿಸದೆ ಹಚ್ಚಲೇಬಾರದು. ಕ್ಯಾನಿನ ಕತ್ತಿನಲ್ಲಿ ಒಂದು ಕಚ್ಚು ಇರುತ್ತೆ, ಅದು ಸ್ಟೌನ ಗುರುತಿಗೆ ಸರಿಯಾಗಿ ಕೂರಬೇಕು. ಬೇರೆ ಕಡೆಗೆ ತಿರುಗಿದರೆ ಆವಿಯ ಬದಲು ದ್ರವವೇ ಬಂದು ಉರಿ ಭಗ್ ಅಂತ ಏಳುತ್ತೆ.

ಬಾಣಲೆಯ ಅಂಚು ಕ್ಯಾನ್ ಇರೋ ಕಡೆಗೆ ಚಾಚಿಕೊಂಡಿರಬಾರದು. ಕೆಳಕ್ಕೆ ಬಡಿಯೋ ಕಾವಿಗೆ ಕ್ಯಾನ್ ಬಿಸಿಯಾಗಿ ಒತ್ತಡ ಏರುತ್ತೆ. ಅದೇ ಕಾರಣಕ್ಕೆ ಗಾಳಿಗೆ ಅಡ್ಡ ಇಡುವಾಗಲೂ ಸುತ್ತ ಮುಚ್ಚಬೇಡಿ, ಗಾಳಿ ಬರೋ ಒಂದೇ ಬದಿಗೆ, ಒಂದು ಮೊಳ ದೂರದಲ್ಲಿ ಇಡಿ. ಬೆಳಗ್ಗೆ ಉರಿ ಸಣ್ಣಗಾದರೆ ಗಾಬರಿ ಬೇಡ. ಕ್ಯಾನಿನೊಳಗಿನ ಗ್ಯಾಸ್, ಅಂದರೆ ಬ್ಯೂಟೇನ್, ಆವಿಯಾಗ್ತಾ ಆಗ್ತಾ ಕ್ಯಾನ್ ತಣ್ಣಗಾಗುತ್ತೆ. ಬಿಸಿನೀರಿಗೋ ಬೆಂಕಿಗೋ ಹಿಡಿಯದೆ ಇನ್ನೊಂದು ಕ್ಯಾನ್ ಹಾಕಿ. ಮಳೆ ಬಂದರೂ ಡೇರೆ ಒಳಗೆ ಸ್ಟೌ ಹಚ್ಚಬೇಡಿ. ಮುಚ್ಚಿದ ಜಾಗದಲ್ಲಿ ಉರಿಯಿಂದ ತುಂಬಿಕೊಳ್ಳೋ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಜೊತೆಗೆ ಮಕ್ಕಳಿರ್ತಾರೆ. ಕ್ಯಾನುಗಳನ್ನ ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ, 50 ಡಿಗ್ರಿ ದಾಟಬಾರದು.

ಒಗ್ಗರಣೆಡಬ್ಬಿ:
ಎಣ್ಣೆಯ ಮಾತು ಮರೆತಿದ್ದೆ. 200 ಮಿಲಿ ಸಾಕು. ಬಾಟಲಿಯಲ್ಲಿ ಎರಡು ಬೆರಳು ಜಾಗ ಬಿಡಿ, ಬಿಸಿಗೆ ಎಣ್ಣೆ ಹಿಗ್ಗುತ್ತೆ. ಬಾಯಿಗೆ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟು ಮೇಲೆ ಮುಚ್ಚಳ ತಿರುಗಿಸಿ, ಬಾಟಲಿಯನ್ನ ಒಂದು ಸ್ಟೀಲ್ ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ. ಒಸರಿದರೂ ಲೋಟದಲ್ಲೇ ಉಳಿಯುತ್ತೆ.

ತಿಂಡಿಗೆ ಉಪ್ಪಿಟ್ಟು ಮಾಡಿ. ಎರಡೂವರೆ ಲೋಟ ರವೆ ಮನೆಯಲ್ಲೇ ಘಮ್ಮೆನ್ನೋ ಹಾಗೆ ಹುರಿದು, ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಕೊಟ್ಟು, ಉಪ್ಪು ಬೆರೆಸಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ. ಕರಿಬೇವು ಕೈಯಲ್ಲಿ ಹಿಡಿದರೆ ಪುಡಿಯಾಗಬೇಕು. ಹಸಿ ಇದ್ದರೆ ಬೆಳಗ್ಗೆ ಮುಗ್ಗಲು ವಾಸನೆ. ಅಲ್ಲಿ ಆರೂವರೆ ಲೋಟ ನೀರು ಕುದಿಸಿ ಸುರಿದರೆ ಆಯ್ತು.

ಜಯನಗರ_ಡೇರೆ:
ತುಂಬಾ ಧನ್ಯವಾದ. ಊಟದ ತಟ್ಟೆ, ಪಾತ್ರೆ ತೊಳೆಯೋದು? ಮಕ್ಕಳಿಗೆ ಸೌದೆ ಒಲೆ ನೋಡೋ ಆಸೆ, ಹಾಕಬಹುದಾ?

ತೋಟದಮನೆ:
ಅಡಿಕೆ ಹಾಳೆ ತಟ್ಟೆ ಅಥವಾ ಮುತ್ತುಗದ ಎಲೆ ಒಯ್ಯಿರಿ. ಪ್ಲಾಸ್ಟಿಕ್ ತಟ್ಟೆ, ಲೋಟ ರಾಜ್ಯದಲ್ಲಿ 2016ರಿಂದಲೇ ನಿಷೇಧ. ನೀರು 20 ಲೀಟರ್ ಕ್ಯಾನ್ ಒಂದೇ ಬೇಡ, 5 ಲೀಟರಿನವು ನಾಲ್ಕು ತಗೊಳ್ಳಿ. ಸೀಟಿನ ಕೆಳಗೆ ಹಿಡಿಸುತ್ತೆ, ಅತ್ತೆಯವರೂ ಎತ್ತಬಹುದು. ಪಾತ್ರೆಯನ್ನ ಮೊದಲು ಎಲೆಯಲ್ಲಿ ಒರೆಸಿ, ಆಮೇಲೆ ಬೂದಿ ಮತ್ತು ತೆಂಗಿನ ನಾರಿನಲ್ಲಿ ಉಜ್ಜಿ. ಕೆರೆ, ಹಳ್ಳದೊಳಗೆ ತೊಳೆಯಬೇಡಿ.

ಸೌದೆ ಒಲೆಗೆ ತೋಟದವರನ್ನ ಕೇಳಿ. ಕಾಡಂಚಾದರೆ ಬೇಡವೇ ಬೇಡ. ಹಾಕೋದಾದರೆ ಪಾತ್ರೆಯ ಹೊರಮೈಗೆ ಕಲಸಿದ ಮಣ್ಣು ತೆಳ್ಳಗೆ ಬಳಿಯಿರಿ, ಮಸಿ ಮಣ್ಣಿನ ಜೊತೆಗೇ ಉದುರುತ್ತೆ. ಕುಕ್ಕರ್ ಮಾತ್ರ ಸೌದೆ ಉರಿಗೆ ಇಡಬೇಡಿ, ಹಿಡಿ ಸುಟ್ಟುಹೋಗುತ್ತೆ. ಏಳೋ ಮುಂಚೆ ನೀರು ಹಾಕಿ, ಬೂದಿ ಕೆದಕಿ, ಮತ್ತೆ ನೀರು ಹಾಕಿ, ಕೈಗೆ ತಣ್ಣಗೆ ತಾಗಬೇಕು.

ಡಿಕ್ಕಿಯಲ್ಲಿ ಡೇರೆ, ಹಾಸಿಗೆ ಕೆಳಗೆ, ಸ್ಟೌ ಮತ್ತು ಕಾಫಿ ಸಾಮಾನಿನ ಪೆಟ್ಟಿಗೆ ಎಲ್ಲಕ್ಕಿಂತ ಕೊನೆಗೆ. ಇಳಿದ ತಕ್ಷಣ ಕೈಗೆ ಸಿಗಬೇಕಾದ್ದು ಅದೇ.