ಲ್ಯೂಮೆನ್ ನಿಂತಿದೆ ಮಾಮಾ, ಟಾರ್ಚ್ ನಿಂತಿಲ್ಲ

ಮಾಮಾ, ನಮಸ್ಕಾರ. ಇದು ಸ್ವಲ್ಪ ಉದ್ದ ಆಗುತ್ತದೆ. ಊಟ ಮುಗಿಸಿ ನಿಧಾನವಾಗಿ ನೋಡಿ, ಅವಸರ ಇಲ್ಲ.

ನೀವು ನಿನ್ನೆ ಗ್ರೂಪಿನಲ್ಲಿ ಹಾಕಿದ್ದು ಓದಿದೆ. ಎಡದಂಡೆ ಕಾಲುವೆಗೆ ನೀರು ಬಂದ ರಾತ್ರಿ ತೂಬು ನೋಡಲು ಹೋಗಿದ್ದೀರಿ. ಬಜಾರಿನಿಂದ ತಂದ ಹೊಸ ಟಾರ್ಚ್ ಮನೆ ಮುಂದೆ ಕಣ್ಣು ಕುಕ್ಕುವ ಹಾಗೆ ಬೆಳಗಿತು. ಎರಡು ಬದು ದಾಟುವ ಹೊತ್ತಿಗೆ ಮಂಕಾಯಿತು. ಡಬ್ಬಿ ಮೇಲೆ ನೋಡಿದರೆ 10,000 ಲ್ಯೂಮೆನ್ (ಟಾರ್ಚ್ ಕೊಡುವ ಒಟ್ಟು ಬೆಳಕಿನ ಅಳತೆ) ಅಂತ ದೊಡ್ಡದಾಗಿ ಇದೆ. "ಹತ್ತು ವರ್ಷದಿಂದ ಟಾರ್ಚಿನಲ್ಲಿ ಹೊಸದು ಅಂತ ಏನೂ ಬಂದಿಲ್ಲ, ಬರೀ ನಂಬರ್ ದೊಡ್ಡದಾಗಿದೆ, ನೀನು ಯಾಕೆ ಇನ್ನೂ ಅವುಗಳ ಹಿಂದೆ ಬಿದ್ದಿದ್ದೀಯ" ಅಂತ ಕೇಳಿದ್ದೀರಿ. ಚಿನ್ನದ ಗಣಿಯ ಊರು ಹಟ್ಟಿಯ ಅಣ್ಣನೂ ಕೆಳಗೆ ಹೌದು ಹೌದು ಅಂದಿದ್ದಾನೆ.

ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ಟಾರ್ಚ್ ಕೂಡಿಸುವವರು ನಾಲ್ಕು ಜನ ಸೇರಿದರೆ ಇದೇ ಮಾತು ಬರುತ್ತದೆ. ಬೆಳಕಿನ ಪ್ರಮಾಣ ಏರುವುದು ಬಹುಮಟ್ಟಿಗೆ ನಿಂತಿದೆ, ಅದು ನಿಜ. ಯಾಕೆ ನಿಂತಿತು ಅಂತ ಮೊದಲು ಹೇಳುತ್ತೇನೆ. ನಿಮ್ಮ ಟಾರ್ಚ್ ಬದುವಿನ ಮೇಲೆ ಯಾಕೆ ಮಂಕಾಯಿತು ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಅಜ್ಜನ ಮೂರು ಸೆಲ್ಲಿನ ಸ್ಟೀಲ್ ಬ್ಯಾಟ್ರಿ ನೆನಪಿದೆ ಅಲ್ವಾ? ಅದರ ಬಲ್ಬಿನೊಳಗೆ ತಂತಿ ಕಾದು ಬೆಳಕು ಬರುತ್ತಿತ್ತು. ಒಂದು ವ್ಯಾಟ್ ಕರೆಂಟಿಗೆ ಹತ್ತು ಲ್ಯೂಮೆನ್ ಬಂದರೆ ಹೆಚ್ಚು. ಉಳಿದದ್ದೆಲ್ಲ ಬಿಸಿಯಾಗಿ ಹೋಗುತ್ತಿತ್ತು. 1993ರಲ್ಲಿ ಜಪಾನಿನ ನಿಚಿಯಾ ಕಂಪನಿಯಲ್ಲಿ ಶುಜಿ ನಕಮುರಾ ಚೆನ್ನಾಗಿ ಬೆಳಗುವ ನೀಲಿ ಎಲ್‌ಇಡಿ ಮಾಡಿದರು. ಆ ನೀಲಿ ಎಲ್‌ಇಡಿ ಮೇಲೆ ಹಳದಿ ಪುಡಿ ಲೇಪಿಸಿ, 1996ರಲ್ಲಿ ಅದೇ ಕಂಪನಿ ಬಿಳಿ ಬೆಳಕಿನ ಎಲ್‌ಇಡಿ ತಂದಿತು. ನೀಲಿ ಎಲ್‌ಇಡಿಗಾಗಿ 2014ರಲ್ಲಿ ನಕಮುರಾ, ಅಕಸಾಕಿ, ಅಮಾನೊ ಮೂವರಿಗೂ ಭೌತಶಾಸ್ತ್ರದ ನೊಬೆಲ್ ಬಂತು. ಆದರೆ ಶುರುವಿನ ಬಿಳಿ ಎಲ್‌ಇಡಿ ಅಜ್ಜನ ಬಲ್ಬಿಗಿಂತ ಮೇಲೇನೂ ಆಗಿರಲಿಲ್ಲ. ದೊಡ್ಡ ಜಿಗಿತ ಬಂದದ್ದು ಆಮೇಲೆ. 2006ರಲ್ಲಿ ಅಮೆರಿಕದ ಕ್ರೀ ಕಂಪನಿಯ ಎಕ್ಸ್‌ಆರ್-ಇ ಅನ್ನುವ ಎಲ್‌ಇಡಿ ಬಂತು. ಅಲ್ಲಿಂದ ಕೆಲವೇ ವರ್ಷಗಳಲ್ಲಿ ವ್ಯಾಟಿಗೆ ನೂರು ಲ್ಯೂಮೆನ್ ಅನ್ನುವುದು ಮಾಮೂಲಾಯಿತು. 2014ರಲ್ಲಿ ಕ್ರೀ ತನ್ನ ಲ್ಯಾಬಿನಲ್ಲಿ ವ್ಯಾಟಿಗೆ 303 ಲ್ಯೂಮೆನ್ ತೋರಿಸಿತು.

ಆ ವರ್ಷಗಳಲ್ಲಿ ಟಾರ್ಚ್ ಕೊಳ್ಳುವುದೇ ಒಂದು ಸಂಭ್ರಮ. ಹೋದ ವರ್ಷ ಕೊಂಡದ್ದು ಈ ವರ್ಷ ಹಳೆಯದು. ಆ ಸಂಭ್ರಮ ಈಗ ಇಲ್ಲ. ಬಣ್ಣಗಳು ಸರಿಯಾಗಿ ಕಾಣುವಂಥ ಬಿಳಿ ಬೆಳಕಿಗೆ ಒಂದು ಮಿತಿ ಇದೆ. ವ್ಯಾಟಿಗೆ ಮುನ್ನೂರು, ನಾಲ್ಕುನೂರರ ನಡುವೆ ಎಲ್ಲೋ ಅದು ಮುಗಿಯುತ್ತದೆ. ಹತ್ತರಿಂದ ನೂರಕ್ಕೆ ಏರಿದಂಥ ಏರಿಕೆ ಇನ್ನೊಮ್ಮೆ ಬರುವುದಿಲ್ಲ. ಮತ್ತೆ ಎರಡು ಪಟ್ಟಾದರೂ ನಮ್ಮ ಕಣ್ಣಿಗೆ ಸ್ವಲ್ಪ ಜಾಸ್ತಿ ಅನ್ನಿಸುತ್ತದೆ, ಅಷ್ಟೇ. ಎರಡು ಪಟ್ಟು ಅಂತ ಕಣ್ಣಿಗೆ ಅನ್ನಿಸಬೇಕಾದರೆ ಬೆಳಕು ಹೆಚ್ಚುಕಮ್ಮಿ ನಾಲ್ಕು ಪಟ್ಟಾಗಬೇಕು.

ಈಗ ನಿಮ್ಮ 10,000ಕ್ಕೆ ಬರೋಣ. ಸುಮ್ನೆ ಲೆಕ್ಕ ಹಾಕಿ ನೋಡಿ. ವ್ಯಾಟಿಗೆ ನೂರು ಲ್ಯೂಮೆನ್ ಅಂದರೂ 100 ವ್ಯಾಟ್ ಬೇಕು. ಅದರಲ್ಲಿ ಅರವತ್ತು ಎಪ್ಪತ್ತು ವ್ಯಾಟ್ ಬಿಸಿಯೇ ಆಗುತ್ತದೆ. ರೇಡಿಯೋ ರಿಪೇರಿಯವರ 25 ವ್ಯಾಟಿನ ಸೋಲ್ಡರಿಂಗ್ ಐರನ್ ಎರಡು ಮೂರನ್ನು ಒಟ್ಟಿಗೆ ಮುಷ್ಟಿಯಲ್ಲಿ ಹಿಡಿದ ಹಾಗೆ. ಇನ್ನು ಸೆಲ್. ನೀವು ಹಾಕಿದ ಫೋಟೋದಲ್ಲಿ ಟಾರ್ಚಿನ ಗಾತ್ರ ನೋಡಿದರೆ ಒಳಗಿರುವುದು ಒಂದೇ ಒಂದು 18650 ಲಿಥಿಯಂ ಸೆಲ್ ಇರಬೇಕು. ಅಂದ್ರೆ 18 ಮಿಲಿಮೀಟರ್ ದಪ್ಪ, 65 ಉದ್ದ. ಅದರ ಸಾಮರ್ಥ್ಯ 2000 ಎಂಎಎಚ್ ಇದ್ದರೆ ಒಟ್ಟು ಏಳೂವರೆ ವ್ಯಾಟ್-ಅವರ್ ಹತ್ತಿರ ಆಗುತ್ತದೆ. 100 ವ್ಯಾಟ್ ಎಳೆದರೆ ಐದು ನಿಮಿಷವೂ ಬರುವುದಿಲ್ಲ. ಅಷ್ಟು ಕರೆಂಟನ್ನು ಆ ಸೆಲ್ ಕೊಡುವುದೂ ಕಷ್ಟ. ಹಾಗಾಗಿ ಡಬ್ಬಿ ಮೇಲಿನ ನಂಬರ್ ಸುಳ್ಳು. ಇದನ್ನು ನಾನು ಖಂಡಿತವಾಗಿ ಹೇಳಬಲ್ಲೆ.

ನಿಜವಾದ ನಂಬರ್ ಹಾಕುವ ಕಂಪನಿಯ ಟಾರ್ಚ್ ಕೂಡ ಪೂರ್ತಿ ಬೆಳಕಿನಲ್ಲಿ ತುಂಬಾ ಹೊತ್ತು ನಿಲ್ಲುವುದಿಲ್ಲ. ಮೈ ಬಿಸಿಯಾಗುತ್ತಿದ್ದಂತೆ ಅದೇ ಬೆಳಕು ಇಳಿಸಿಕೊಳ್ಳುತ್ತದೆ. ಇಳಿಸದಿದ್ದರೆ ಕೈ ಸುಡುತ್ತದೆ, ಎಲ್‌ಇಡಿಯೂ ಹಾಳಾಗುತ್ತದೆ. ಅಂಗೈ ಉದ್ದದ ಅಲ್ಯೂಮಿನಿಯಂ ಟಾರ್ಚ್ ಗಾಳಿಗೆ ಬಿಡಬಲ್ಲ ಬಿಸಿ ಕೆಲವೇ ವ್ಯಾಟ್. ಇದಕ್ಕೆ ನಮ್ಮ ರಾಯಚೂರಿನ ಬಿಸಿಲೂ ಸೇರುತ್ತದೆ. ಅಮೆರಿಕದವರು ಮಾಡಿದ ಎಫ್ಎಲ್1 ಅನ್ನುವ ಟಾರ್ಚ್ ಅಳತೆಯ ನಿಯಮ ಇದೆ, 2009ರಲ್ಲಿ ಬಂದದ್ದು. ಆ ಪರೀಕ್ಷೆ ನಡೆಯುವುದು 22 ಡಿಗ್ರಿ ಆಸುಪಾಸಿನ ತಂಪು ಕೋಣೆಯಲ್ಲಿ. ಮೇ ತಿಂಗಳಲ್ಲಿ ನಮ್ಮಲ್ಲಿ ರಾತ್ರಿ ಊಟದ ಹೊತ್ತಿಗೂ 35 ಡಿಗ್ರಿ ಇರುತ್ತದೆ. ಟಾರ್ಚಿನ ಮೈ 55 ಡಿಗ್ರಿಗೆ ನಿಲ್ಲಬೇಕು ಅಂತಿಟ್ಟುಕೊಳ್ಳಿ. ಅಲ್ಲಿ ಗಾಳಿಗೂ ಮೈಗೂ 33 ಡಿಗ್ರಿ ಅಂತರ, ನಮ್ಮಲ್ಲಿ 20. ಬಿಸಿ ಹೊರಗೆ ಹೋಗುವುದು ಆ ಅಂತರದ ಮೇಲೆ. ಅಂದ್ರೆ ಅಲ್ಲಿ ಗಂಟೆಗಟ್ಟಲೆ ಸಿಗುವ ಬೆಳಕಿನಲ್ಲಿ ನಮಗೆ ಮೂರರಲ್ಲಿ ಎರಡು ಪಾಲೂ ಸಿಗುವುದಿಲ್ಲ. ಈ ಮಾತನ್ನು ಯಾವ ಡಬ್ಬಿಯೂ ಹೇಳುವುದಿಲ್ಲ. ನಮ್ಮ ಕಡೆಯವರು ಇದನ್ನು ತಿಳಿದುಕೊಂಡು ಕೊಳ್ಳಬೇಕು ಅಂತ ನನಗೆ ಬಹಳ ಅನ್ನಿಸುತ್ತದೆ.

ಅದೇ ನಿಯಮದಲ್ಲಿ ಇನ್ನೊಂದು ವಿಷಯ ಇದೆ. ಟಾರ್ಚ್ ಹಾಕಿದ 30 ಸೆಕೆಂಡಿನಿಂದ 2 ನಿಮಿಷದ ಒಳಗೆ ಲ್ಯೂಮೆನ್ ಅಳೆಯುತ್ತಾರೆ. ಬೆಳಕು ಹತ್ತರಲ್ಲಿ ಒಂದು ಪಾಲಿಗೆ ಇಳಿಯುವವರೆಗೆ "ಉರಿಯುವ ಸಮಯ" ಅಂತ ಲೆಕ್ಕ. ಮೂರು ಗಂಟೆ ಅಂತ ಬರೆದಿದ್ದರೆ ಅದರಲ್ಲಿ ಎರಡೂಮುಕ್ಕಾಲು ಗಂಟೆ ಮಂದ ಬೆಳಕೇ ಇರಬಹುದು. ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೂ ಹೀಗೇ. ಹುಣ್ಣಿಮೆ ಬೆಳಕಿನಷ್ಟು, ಅಂದ್ರೆ 0.25 ಲಕ್ಸ್, ಬೆಳಕು ಬೀಳುವ ಕೊನೆಯ ಜಾಗದವರೆಗೆ ಅಳೆಯುತ್ತಾರೆ. ಅಷ್ಟು ಬೆಳಕಿನಲ್ಲಿ ತೂಬಿನ ಹತ್ತಿರ ನಿಂತವರು ಯಾರು ಅಂತ ಗುರುತು ಸಿಗುವುದಿಲ್ಲ. ಬರೆದ ದೂರದಲ್ಲಿ ಅರ್ಧ ಹಿಡಿಯಿರಿ.

ಸರಿ, ಹಾಗಾದರೆ ಮುಂದೆ ಹೋಗಿರುವುದು ಏನು? ನನ್ನ ಮಟ್ಟಿಗೆ ದೊಡ್ಡದು ಬೆಳಕಿನ ಬಣ್ಣ.

ನಿಮ್ಮ ಟಾರ್ಚಿನ ಬೆಳಕು ನೀಲಿ ಬೆರೆತ ಬಿಳಿ. ಅದರಲ್ಲಿ ಕೆಂಪು ಕಡಿಮೆ. ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಅನ್ನುವುದಕ್ಕೆ ಸಿಆರ್‌ಐ ಅಂತ ಒಂದು ಅಳತೆ. ಸೂರ್ಯನ ಬೆಳಕಿಗೆ 100. ಮಾಮೂಲಿ ಟಾರ್ಚಿಗೆ 70ರ ಹತ್ತಿರ. ಈಗ 90 ದಾಟಿದ ಎಲ್‌ಇಡಿಗಳು ಸುಲಭವಾಗಿ ಸಿಗುತ್ತವೆ. ನಿಚಿಯಾದ 519ಎ ಅನ್ನುವುದನ್ನು ನಾನೇ ಹಳೆ ಟಾರ್ಚಿಗೆ ಬೆಸುಗೆ ಹಾಕಿ ಕೂರಿಸಿದ್ದೇನೆ. ಅದನ್ನು ಹಿಡಿದು ರಾತ್ರಿ ಕಣದಲ್ಲಿ ಹರವಿದ ಮೆಣಸಿನಕಾಯಿ ನೋಡಬೇಕು ಮಾಮಾ. ಯಾವುದು ಗಾಢ ಕೆಂಪು, ಯಾವುದು ಬಿಳಿಚಿದ್ದು ಅಂತ ನಿಂತಲ್ಲೇ ಗೊತ್ತಾಗುತ್ತದೆ. ನೀಲಿ ಬೆಳಕಿನಲ್ಲಿ ಎಲ್ಲವೂ ಕಂದು. ಹತ್ತಿ ಎಲೆ ಕೆಂಪಾಗುತ್ತಿರುವುದೂ ಹಾಗೇ ಕಾಣುತ್ತದೆ.

ಹಾವಿನ ವಿಷಯವನ್ನು ನೀವೇ ಯೋಚಿಸಿ. ಕೊಳಕುಮಂಡಲ, ಗರಗಸ ಮಂಡಲ ಎರಡೂ ಒಣ ಹುಲ್ಲು, ಮಣ್ಣಿನ ಬಣ್ಣದವೇ. ಕಂದು ನೆಲದ ಮೇಲೆ ಕಂದು ಹಾವನ್ನು ಬೇರೆ ಮಾಡಿ ನೋಡಬೇಕಾದರೆ ಬಣ್ಣಗಳ ಸಣ್ಣ ವ್ಯತ್ಯಾಸ ಕಾಣಬೇಕು. ಅಲ್ಲಿ ಹತ್ತು ಸಾವಿರ ಲ್ಯೂಮೆನ್ನಿಗಿಂತ ಇನ್ನೂರು ಲ್ಯೂಮೆನ್ ಒಳ್ಳೆಯ ಬೆಳಕು ಮೇಲು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. (ಬೂಟು, ಕೈಯಲ್ಲಿ ಕೋಲು ಮಾತ್ರ ಬಿಡಬೇಡಿ. ಟಾರ್ಚ್ ಯಾವುದೇ ಇರಲಿ.)

ಇಂಥ ಎಲ್‌ಇಡಿ ಹಾಕಿದರೆ ಅದೇ ಸೆಲ್ಲಿಗೆ ಲ್ಯೂಮೆನ್ ಸ್ವಲ್ಪ ಕಮ್ಮಿ ಆಗುತ್ತದೆ. ಡಬ್ಬಿ ಮೇಲಿನ ನಂಬರ್ ಚಿಕ್ಕದಾಗುತ್ತದೆ. ಅಂಗಡಿಯಲ್ಲಿ ಯಾರೂ ಕೈಗೆತ್ತಿಕೊಳ್ಳುವುದಿಲ್ಲ. ಒಳ್ಳೆಯ ಕೆಲಸವೊಂದು ನಡೆದಿದ್ದೂ ನಮ್ಮ ಊರಿಗೆ ಬಂದು ಮುಟ್ಟದೇ ಇರುವುದು ಹೀಗೆ.

ಎರಡನೆಯದು ಡ್ರೈವರ್. ಸೆಲ್ಲಿಗೂ ಎಲ್‌ಇಡಿಗೂ ನಡುವೆ ಇರುವ ಚಿಕ್ಕ ಬೋರ್ಡು. ಅಗ್ಗದ ಟಾರ್ಚಿನಲ್ಲಿ ಆ ಜಾಗದಲ್ಲಿ ಬರೀ ಒಂದು ರೆಸಿಸ್ಟರ್ ಇರುತ್ತದೆ. ಚಾರ್ಜ್ ಮಾಡಿದ ಸೆಲ್ 4.2 ವೋಲ್ಟ್ ಇರುತ್ತದೆ. ಅದು ಇಳಿದ ಹಾಗೆ ಬೆಳಕೂ ಇಳಿಯುತ್ತದೆ. ನಿಮ್ಮದು ಮನೆ ಮುಂದೆ ಬೆಳಗಿ ಬದುವಿನಲ್ಲಿ ಮಂಕಾದದ್ದು ಇದರಿಂದಲೇ ಇರಬೇಕು. ಒಳ್ಳೆಯ ಡ್ರೈವರ್ ಇದ್ದರೆ ಸೆಲ್ ಇಳಿಯುತ್ತಿದ್ದರೂ ಬೆಳಕು ಒಂದೇ ಸಮ ಇರುತ್ತದೆ. ಈಗಿನ ಡ್ರೈವರುಗಳು ಟಾರ್ಚಿನ ಬಿಸಿಯನ್ನು ಅಳೆದು, ಒಮ್ಮೆಗೇ ಧೊಪ್ಪನೆ ಇಳಿಸದೆ, ಕಣ್ಣಿಗೆ ಗೊತ್ತಾಗದ ಹಾಗೆ ಹೊಂದಿಸಿಕೊಳ್ಳುತ್ತವೆ. ಆಂಡುರಿಲ್ ಅಂತ ಒಂದು ಸಾಫ್ಟ್‌ವೇರ್ ಇದೆ. ಟಾರ್ಚ್ ಪ್ರೀತಿಯವರೇ ಬರೆದದ್ದು, ಎಲ್ಲರಿಗೂ ಮುಕ್ತ. ಒಂದೇ ಬಟನ್ ಒತ್ತಿ ಹಿಡಿದರೆ ಮಿಣುಕು ಬೆಳಕಿನಿಂದ ಜೋರು ಬೆಳಕಿನವರೆಗೆ ಏರುತ್ತಾ ಹೋಗುತ್ತದೆ, ಬೇಕಾದಲ್ಲಿ ಬಿಡಬಹುದು. ಅಜ್ಜನ ಬ್ಯಾಟ್ರಿಗೆ ಆನ್, ಆಫ್ ಎರಡೇ ಇತ್ತು.

ಹಟ್ಟಿ ಅಣ್ಣಾ, ನೀನು ಹೌದು ಹೌದು ಅಂದಿದ್ದಕ್ಕೆ ಇದು. ಗಣಿಗೆ ಇಳಿಯುವವರ ಟೋಪಿ ದೀಪ ನಿನಗೇ ಗೊತ್ತು. ಮೊದಲು ಸೊಂಟಕ್ಕೆ ಭಾರದ ಬ್ಯಾಟರಿ ಪೆಟ್ಟಿಗೆ ಕಟ್ಟಿ, ಬೆನ್ನ ಮೇಲಿಂದ ವೈರ್ ಎಳೆದು ಟೋಪಿಗೆ ಸಿಕ್ಕಿಸುತ್ತಿದ್ದರು. ಈಗ ವೈರೇ ಇಲ್ಲದ ಎಲ್‌ಇಡಿ ದೀಪ ಟೋಪಿ ಮೇಲೇ ಕೂರುತ್ತದೆ. ಆ ದೀಪವನ್ನು ಯಾರೂ ಎಷ್ಟು ಲ್ಯೂಮೆನ್ ಅಂತ ಕೇಳಿ ಹೊಗಳುವುದಿಲ್ಲ. ಇಡೀ ಶಿಫ್ಟ್ ಒಂದೇ ಸಮ ಉರಿಯಬೇಕು, ಕಲ್ಲಿಗೆ ತಗುಲಿದರೂ ಆರಬಾರದು, ಅಷ್ಟೇ ಕೇಳುತ್ತಾರೆ. ಹೊಲಕ್ಕೆ ಹೋಗುವವರಿಗೂ ಬೇಕಾದದ್ದು ಅದೇ ಅಲ್ವಾ?

ಲೇಸರ್ ಟಾರ್ಚ್ ಬಗ್ಗೆ ತಮ್ಮ ಕೇಳಿದ್ದಾನೆ. ನೀಲಿ ಲೇಸರನ್ನು ಹಳದಿ ಪುಡಿಯ ಮೇಲೆ ಬಿಟ್ಟು ಬಿಳಿ ಬೆಳಕು ಮಾಡುತ್ತಾರೆ. ಕೋಲಿನ ಹಾಗೆ ನೇರ ಹೋಗುತ್ತದೆ, ಕಿಲೋಮೀಟರ್ ದೂರ. ನೋಡಲು ಚೆಂದ. ಕಾಲ ಬುಡದಲ್ಲಿ ಮಾತ್ರ ಏನೂ ಕಾಣುವುದಿಲ್ಲ. ಹೊಲಕ್ಕೆ ಬೇಡ.

ಸೆಲ್ ಕಡೆ ಬೆಳವಣಿಗೆ ನಿಧಾನ, ಅದನ್ನು ಒಪ್ಪುತ್ತೇನೆ. ಒಳ್ಳೆಯ ಕಂಪನಿಗಳ 18650 ಬಹಳ ವರ್ಷದಿಂದ 3500 ಎಂಎಎಚ್ ಆಸುಪಾಸಿನಲ್ಲೇ ಇದೆ. ತೀರಾ ಹೊಸವು 4000ದ ಹತ್ತಿರ ಬಂದಿವೆ. ಸ್ವಲ್ಪ ದಪ್ಪದ 21700 ಸೆಲ್ ಬಂದ ಮೇಲೆ 5000 ಸಾಮಾನ್ಯವಾಯಿತು. ಬಜಾರಿನಲ್ಲಿ 18650 ಮೇಲೆ 9900 ಅಂತ ಬರೆದು ಮಾರುತ್ತಾರೆ, ಅದು ಪೂರಾ ಮೋಸ. ಗುರುತಿಸುವುದು ಸುಲಭ. ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿ ಮೇಲೆ ಇಡಿ. ನಿಜವಾದ ಸೆಲ್ 45 ಗ್ರಾಂ ಹತ್ತಿರ ತೂಗುತ್ತದೆ. ಅದಕ್ಕಿಂತ ತುಂಬಾ ಹಗುರ ಇದ್ದರೆ ಒಳಗೆ ಮಾಲು ಇಲ್ಲ ಅಂತಲೇ ಅರ್ಥ.

ಮಾಮಾ, ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಟಾರ್ಚ್ ಮುಂದೆ ಹೋಗಿದೆ, ನಮ್ಮ ಬಜಾರಿಗೆ ಬರುವ ಟಾರ್ಚ್ ನಿಂತಿದೆ. ತ್ರೀ ಫೇಸ್ ಕರೆಂಟ್ ರಾತ್ರಿ ಬರುತ್ತದೆ ಅಂತ ಮೋಟಾರ್ ಹಾಕಲು ಹೋಗುವವರು, ಕಾಲುವೆಯ ಕೊನೆ ಭಾಗದಲ್ಲಿ ನೀರು ಕಾಯುವವರು, ಕರಡಿ ಬರುತ್ತದೆ ಅಂತ ಹೊಲದಲ್ಲೇ ಮಲಗುವವರು, ಟಾರ್ಚ್ ನಂಬಿ ಬದುಕುವವರು ಇವರೇ. ಇವರಿಗೇ ಅಂಟು ಹಾಕಿ ಮುಚ್ಚಿದ, ಸೆಲ್ ಬದಲಿಸಲು ಬಾರದ ಟಾರ್ಚ್ ಮಾರುತ್ತಾರೆ. ಪಿನ್ ಎಳೆದು ಬೋರ್ಡಿಗೆ ಚುಚ್ಚುವ ಟಾರ್ಚುಗಳಲ್ಲಿ ಬಹಳಷ್ಟಕ್ಕೆ ಈಗಲೂ ಲೆಡ್ ಆಸಿಡ್ ಬ್ಯಾಟರಿ. ಪೂರ್ತಿ ಇಳಿದ ಮೇಲೆ ಚಾರ್ಜ್ ಮಾಡದೆ ಕೆಲವು ವಾರ ಗೂಟಕ್ಕೆ ನೇತು ಹಾಕಿದರೆ ಅದು ಸತ್ತೇ ಹೋಗುತ್ತದೆ. ಟಾರ್ಚನ್ನೇ ಎಸೆಯಬೇಕು. ಬದಲಿಸುವ ಸೆಲ್, ನಿಜವಾದ ನಂಬರ್, ಒಂದು ಸಾದಾ ಡ್ರೈವರ್, ಇಷ್ಟನ್ನು ಕೊಡಲು ಯಾವ ಹೊಸ ಸಂಶೋಧನೆಯೂ ಬೇಕಿಲ್ಲ.

ನಿಮಗೆ ನಾನು ಹೇಳುವುದು ಇಷ್ಟು. ಒಂದು ಸೆಲ್ಲಿನ, ಹಿಂದಿನ ಮುಚ್ಚಳ ತಿರುಗಿಸಿ ಸೆಲ್ ತೆಗೆಯಬಹುದಾದ ಟಾರ್ಚ್ ತಗೊಳ್ಳಿ. 21700 ಆದರೆ ಇನ್ನೂ ಒಳ್ಳೆಯದು. ಬೆಳಕಿನ ಬಣ್ಣ 4000 ಅಥವಾ 5000 ಕೆಲ್ವಿನ್ ಇರಲಿ, ನೀಲಿ ಬೆರೆತ 6500 ಬೇಡ. ಮೊಬೈಲ್ ಚಾರ್ಜರಿನ ಟೈಪ್-ಸಿ ವೈರಿನಲ್ಲೇ ಚಾರ್ಜ್ ಆಗುವಂಥದ್ದು ನೋಡಿ. ನಡೆಯುವಾಗ ಮಧ್ಯದ ಬೆಳಕಿನಲ್ಲಿ ಇಟ್ಟರೆ ರಾತ್ರಿಯೆಲ್ಲ ಬರುತ್ತದೆ. ದೂರ ನೋಡಬೇಕಾದಾಗ ಮಾತ್ರ ಪೂರ್ತಿ ಒತ್ತಿ.

ಅತ್ತಿಗೆ ಎಮ್ಮೆ ಹಿಂಡುವಾಗ ತಲೆಗೆ ಕಟ್ಟುವ ದೀಪ ಬೇಕು ಅಂದಿದ್ದರು. ಅದಕ್ಕೆ ಮೂವತ್ತು ನಲವತ್ತು ಲ್ಯೂಮೆನ್ ಸಾಕು, ಹಳದಿ ಛಾಯೆಯದ್ದು ಇದ್ದರೆ ಕಣ್ಣಿಗೂ ಹಿತ. ನನ್ನ ಹತ್ತಿರ ಒಂದು ಇದೆ, ಹಬ್ಬಕ್ಕೆ ಬರುವಾಗ ತರುತ್ತೇನೆ. ಅಲ್ಲಿಯವರೆಗೆ ನಿಮ್ಮ ಟಾರ್ಚಿನ ಹಿಂದಿನ ಮುಚ್ಚಳ ಬಿಚ್ಚಲು ಬರುತ್ತದಾ ನೋಡಿ. ಬಂದರೆ ಸೆಲ್ ತೂಕ ಹಾಕಿ, ಅದರ ಫೋಟೋ ಇಲ್ಲೇ ಹಾಕಿ. ಸೆಲ್ ಒಂದನ್ನೇ ಬದಲಿಸಿದರೆ ಸಾಕಾ, ಡ್ರೈವರೂ ಹಾಕಬೇಕಾ ಅಂತ ನೋಡಿ ಹೇಳುತ್ತೇನೆ.