ವಿಶ್ವಭಾಷೆಯೋ, ಸಂಪರ್ಕ ಭಾಷೆಯೋ, ವ್ಯವಹಾರ ಭಾಷೆಯೋ?

ಮಾನ್ಯರೇ,

ಬೇರೆ ಬೇರೆ ಮನೆಮಾತಿನವರು ತಮ್ಮ ನಡುವಿನ ಕೆಲಸಕಾರ್ಯಗಳಿಗೆ ಬಳಸಿಕೊಳ್ಳುವ ಭಾಷೆಯನ್ನು ‘ಲಿಂಗ್ವಾ ಫ್ರಾಂಕಾ’ ಎನ್ನುತ್ತಾರೆ. ಇಂದಿನ ಜಗತ್ತಿನ ಮಟ್ಟಿಗೆ ಆ ಸ್ಥಾನ ಇಂಗ್ಲಿಷಿನದು ಎಂಬುದರಲ್ಲಿ ತಕರಾರಿಲ್ಲ. ಆದರೆ ಅದನ್ನು ಕನ್ನಡದಲ್ಲಿ ಹೇಳಬೇಕಾದಾಗ ಅನೇಕರು ‘ವಿಶ್ವಭಾಷೆ’ ಎಂದು ಬರೆಯುತ್ತಾರೆ; ಈ ಪದ ಓದುಗರನ್ನು ದಾರಿ ತಪ್ಪಿಸುತ್ತದೆ ಎಂಬುದು ನನ್ನ ಆಕ್ಷೇಪ.

ಮೂಲದ ಲಿಂಗ್ವಾ ಫ್ರಾಂಕಾ ಮೆಡಿಟರೇನಿಯನ್ ಕಡಲಿನ ಬಂದರುಗಳಲ್ಲಿ ಹುಟ್ಟಿದ ಬೆರಕೆ ಮಾತು. ಇಟಾಲಿಯನ್ ಮುಂತಾದ ಭಾಷೆಗಳ ಬುಡಕ್ಕೆ ಗ್ರೀಕ್, ತುರ್ಕಿ, ಅರಬ್ಬಿ ಪದಗಳು ಸೇರಿಕೊಂಡು ಬೆಳೆದ ಅದು ವರ್ತಕರ, ನಾವಿಕರ ಬಾಯಲ್ಲಿತ್ತೇ ಹೊರತು ಯಾರ ಮನೆಮಾತೂ ಆಗಿರಲಿಲ್ಲ. ಪಶ್ಚಿಮ ಯುರೋಪಿನವರನ್ನೆಲ್ಲ ಅರಬ್ಬರು ಫ್ರಾಂಕರೆಂದೇ ಕರೆಯುತ್ತಿದ್ದುದರಿಂದ ಈ ಹೆಸರು. ಯುರೋಪಿನವರಿಗೆ ನಾವು ಹೇಳುವ ‘ಪರಂಗಿ’ಯ ಮೂಲವೂ ಅದೇ.

ಹೀಗಾಗಿ ಈ ಪರಿಕಲ್ಪನೆಯಲ್ಲಿ ಮುಖ್ಯವಾದದ್ದು ಭಾಷೆಯ ಹಿರಿಮೆಯಲ್ಲ, ಯಾರ ನಡುವೆ ಯಾವ ಕೆಲಸಕ್ಕೆ ಬಳಕೆಯಾಗುತ್ತಿದೆ ಎಂಬುದು. ಮೂಡಿಗೆರೆಯ ಕಡೆ ಮೀನು ಮಾರುವ ಬ್ಯಾರಿ ಮನೆಮಾತಿನವರೂ ತಮಿಳು ಮನೆಮಾತಿನ ತೋಟದ ಹೆಂಗಸರೂ ಬಂಗುಡೆಗೆ ಚೌಕಾಸಿ ಮಾಡುವುದು ಕನ್ನಡದಲ್ಲಿ. ಅದೇ ತೋಟದ ಕಾರ್ಮಿಕರ ಲೈನ್ ಮನೆಗಳಿಗೆ ಅಸ್ಸಾಮಿನಿಂದ ಬಂದವರೊಡನೆ ಮೇಸ್ತ್ರಿ ತನಗೆ ಬಂದಷ್ಟು ಹಿಂದಿಯಲ್ಲಿ ಮಾತನಾಡುತ್ತಾನೆ. ಅಲ್ಲಿಯ ಕಾಫಿಯನ್ನು ಇಟಲಿಯ ಖರೀದಿದಾರರಿಗೆ ಕಳುಹಿಸುವ ರಫ್ತುದಾರರ ಕರಾರುಪತ್ರ ಇಂಗ್ಲಿಷಿನಲ್ಲಿರುತ್ತದೆ, ಅದು ಇಬ್ಬರಿಗೂ ಮನೆಮಾತಲ್ಲದಿದ್ದರೂ. ಒಂದೇ ತೋಟದ ಸುತ್ತ ಮೂರು ಲಿಂಗ್ವಾ ಫ್ರಾಂಕಾಗಳು ಕೆಲಸ ಮಾಡುತ್ತಿರುವಾಗ ‘ವಿಶ್ವ’ ಎಂಬ ವಿಶೇಷಣ ಮೊದಲೆರಡನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇಂಗ್ಲಿಷಿಗೂ ಆ ಸ್ಥಾನ ಶಾಶ್ವತವಾಗಿ ಬಂದದ್ದಲ್ಲ. ಯುರೋಪಿನ ವಿದ್ವಾಂಸರ ನಡುವೆ ಲ್ಯಾಟಿನ್, ರಾಜತಾಂತ್ರಿಕರ ನಡುವೆ ಫ್ರೆಂಚ್ ಬಹುಕಾಲ ಇದ್ದವು. ಮೊದಲ ಮಹಾಯುದ್ಧದ ನಂತರದ 1919ರ ವರ್ಸೈ ಶಾಂತಿ ಒಪ್ಪಂದ ಫ್ರೆಂಚ್ ಮತ್ತು ಇಂಗ್ಲಿಷ್ ಎರಡರಲ್ಲೂ ಸಿದ್ಧವಾಯಿತು. ವಿಶ್ವಸಂಸ್ಥೆಯಲ್ಲಿ ಈಗಲೂ ಇಂಗ್ಲಿಷ್ ಆರು ಅಧಿಕೃತ ಭಾಷೆಗಳಲ್ಲಿ ಒಂದು.

‘ಸಂಪರ್ಕ ಭಾಷೆ’ ಎಂಬ ಪದ ‘ವಿಶ್ವಭಾಷೆ’ಗಿಂತ ಮೇಲು. ಆದರೆ ನಮ್ಮ ದೇಶದಲ್ಲಿ ಅದು ಹಿಂದಿ-ಇಂಗ್ಲಿಷ್ ವಿವಾದದ ಭಾರವನ್ನು ಹೊತ್ತುಕೊಂಡಿದೆ. ಪದ ಕಿವಿಗೆ ಬಿದ್ದೊಡನೆ ಕೇಂದ್ರ ಸರ್ಕಾರದ ಭಾಷಾನೀತಿ ನೆನಪಾಗುತ್ತದೆ, ಬಂಗುಡೆಯ ಚೌಕಾಸಿಯಲ್ಲ. ನನ್ನ ಒಲವು ‘ವ್ಯವಹಾರ ಭಾಷೆ’ಯ ಕಡೆಗಿದೆ. ‘ಮನೆಮಾತು ಕೊಂಕಣಿ, ವ್ಯವಹಾರವೆಲ್ಲ ಕನ್ನಡದಲ್ಲಿ’ ಎಂದು ಚಿಕ್ಕಮಗಳೂರಿನ ಕಡೆ ಜನ ಸಹಜವಾಗಿಯೇ ಹೇಳುತ್ತಾರೆ, ಮನೆಮಾತಿಗೆ ಎದುರಾಗಿ ನಿಲ್ಲುವುದರಿಂದ ಪದದ ಅರ್ಥವೂ ಸ್ಪಷ್ಟವಾಗುತ್ತದೆ.

ಇದಕ್ಕೆ ಒಂದು ತೊಡಕಿದೆ. ಧರ್ಮಶಾಸ್ತ್ರಗಳಲ್ಲಿ ‘ವ್ಯವಹಾರ’ವೆಂದರೆ ನ್ಯಾಯಾಲಯದ ವ್ಯಾಜ್ಯ, ಇಂದಿನ ಆಡುಮಾತಿನಲ್ಲಿ ಹೆಚ್ಚಾಗಿ ದುಡ್ಡುಕಾಸಿನ ವಹಿವಾಟು. ವಿಮಾನ ಚಾಲಕರೂ ನೆಲದ ನಿಯಂತ್ರಕರೂ ರೇಡಿಯೋದಲ್ಲಿ ಆಡುವ ಇಂಗ್ಲಿಷನ್ನು, ವಿಜ್ಞಾನಿಗಳು ಪ್ರಬಂಧ ಬರೆಯುವ ಇಂಗ್ಲಿಷನ್ನು ‘ವ್ಯವಹಾರ ಭಾಷೆ’ ಎಂದರೆ ಓದುಗರು ವ್ಯಾಪಾರವೆಂದೇ ತಿಳಿದಾರೆ? ಹಾಸನ, ಮಲೆನಾಡು ಅಥವಾ ಕರಾವಳಿಯ ಆಡುಮಾತಿನಲ್ಲಿ ಇದಕ್ಕೆ ಬೇರೆ ಪದ ಬಳಕೆಯಲ್ಲಿದ್ದರೆ, ಅದು ಬರುವ ಪೂರ್ಣ ವಾಕ್ಯದೊಡನೆ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.