ಅಪ್‌ಡೇಟ್: ರಜೆಯಲ್ಲಿ ಬೀಗ ಹಾಕಿ ಹೋದ ಡೊಂಬಿವಲಿಯ ಫ್ಲ್ಯಾಟ್

ಬೇಸಿಗೆ ರಜೆಗೆ ಕುಂದಾಪುರಕ್ಕೆ ಹೋಗುವಾಗ ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಫ್ಲ್ಯಾಟನ್ನು ಹೇಗೆ ಭದ್ರವಾಗಿಡಬೇಕೆಂದು ನಾನು ಕೇಳಿದ್ದಾಗ ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ನಾವು ಮರಳಿದ್ದೇವೆ, ಮನೆ ಸುರಕ್ಷಿತವಾಗಿದೆ.

ಹೆಚ್ಚು ಪ್ರಯೋಜನವಾದದ್ದು ಕೀಲಿಕೈಯೊಂದನ್ನು ಎದುರುಮನೆಯವರ ಬಳಿ ಕೊಡಿ ಎಂಬ ಸಲಹೆ. ಹಾಲು, ಪತ್ರಿಕೆಗಳನ್ನು ನಿಲ್ಲಿಸಿದ್ದರೂ ಸೇಫ್ಟಿ ಡೋರ್‌ಗೆ ಯಾರಾದರೂ ಸಿಕ್ಕಿಸಿ ಹೋಗುತ್ತಿದ್ದ ಜಾಹೀರಾತು ಚೀಟಿಗಳನ್ನು ಎದುರುಮನೆಯ ಕಾಕೂ (ಮರಾಠಿಯಲ್ಲಿ ಚಿಕ್ಕಮ್ಮ) ತಪ್ಪದೆ ತೆಗೆಯುತ್ತಿದ್ದರು, ಸಂಜೆ ಒಳಗೆ ದೀಪವನ್ನೂ ಹಾಕುತ್ತಿದ್ದರು. ಮನೆಯಲ್ಲಿ ಯಾರೂ ಇಲ್ಲವೆಂದು ಅಪರಿಚಿತರಿಗೆ ತಿಳಿಯಲು ಅಂತಹ ಚೀಟಿಗಳ ರಾಶಿಯೇ ಸಾಕು ಎಂಬುದು ನನಗೆ ಹೊಳೆದೇ ಇರಲಿಲ್ಲ.

ವೈಫೈ ಕ್ಯಾಮೆರಾ ಅಷ್ಟಾಗಿ ನೆರವಾಗಲಿಲ್ಲ. ಕರೆಂಟ್ ಹೋದಾಗಲೆಲ್ಲ ರೌಟರ್ ನಿಂತು, ಊರಿನಲ್ಲಿದ್ದ ನಮಗೆ ಚಿತ್ರವೇ ಬರುತ್ತಿರಲಿಲ್ಲ. ಕ್ಯಾಮೆರಾವನ್ನೇ ನಂಬುವವರು ಕ್ಯಾಮೆರಾ, ರೌಟರ್ ಎರಡಕ್ಕೂ ಪುಟ್ಟ ಯುಪಿಎಸ್ (ಬ್ಯಾಟರಿ ಬ್ಯಾಕಪ್) ಜೋಡಿಸುವುದು ಒಳ್ಳೆಯದು.

ಒಡವೆಗಳನ್ನು ಬ್ಯಾಂಕ್ ಲಾಕರ್‌ನಲ್ಲಿ ಇಟ್ಟೆವು. ಆಗ ತಿಳಿದ ಸಂಗತಿ ನನ್ನನ್ನು ಬೆರಗಾಗಿಸಿತು: 2022ರ ಜನವರಿ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ, ಕಳ್ಳತನ, ಬೆಂಕಿ ಅಥವಾ ಸಿಬ್ಬಂದಿಯ ವಂಚನೆಯಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ಲಾಕರ್‌ನ ವಾರ್ಷಿಕ ಬಾಡಿಗೆಯ 100 ಪಟ್ಟಿಗೆ ಸೀಮಿತ. ಆದ್ದರಿಂದ ಬೆಲೆಬಾಳುವ ಒಡವೆಗಳಿಗೆ ಪ್ರತ್ಯೇಕ ವಿಮೆ ಮಾಡಿಸಬೇಕೆಂದು ತೀರ್ಮಾನಿಸಿದ್ದೇವೆ. ಮನೆ ವಿಮೆ ಇರುವವರು ಹೊರಡುವ ಮುನ್ನ ಷರತ್ತುಗಳನ್ನು ಓದಿಕೊಳ್ಳಿ. ಮನೆ ಸತತ 30 ದಿನಗಳಿಗಿಂತ ಹೆಚ್ಚು ಕಾಲ ಖಾಲಿಯಿದ್ದರೆ ಕಳ್ಳತನಕ್ಕೆ ಪರಿಹಾರ ಕೊಡದ ಪಾಲಿಸಿಗಳೂ ಇವೆ.